ಕೋಡ್ ಬರೆದಾಯ್ತು, ದುಡ್ಡು ಯಾವಾಗ?

ನನ್ನ ಸಾಫ್ಟ್‌ವೇರ್ ಕಂಪನಿಗೆ ಓನರ್ರೂ ನಾನೇ, ಡೆವಲಪರ್ರೂ ನಾನೇ, ವಸೂಲಿಗೆ ಓಡಾಡೋನೂ ನಾನೇ. ಬೆಳಗ್ಗೆ ಬಗ್ ಸರಿ ಮಾಡ್ತೀನಿ, ಮಧ್ಯಾಹ್ನ ಕ್ಲೈಂಟ್‌ಗೆ ಫೋನ್: "ಸರ್, ಆ ಬಿಲ್ಲು..." "ಮುಂದಿನ ವಾರ ನೋಡೋಣ" ಅಂತಾರೆ. ಒಂದು ಸಲ ಹೀಗೇ ನಾಲ್ಕು ತಿಂಗಳು ಕಳೀತು. ನಾನು ಮಾಡಿಕೊಟ್ಟ ಆ್ಯಪ್ ಅವರ ಅಂಗಡೀಲಿ ಓಡ್ತಿತ್ತು. ನಾನು ಮನೆ ಬಾಡಿಗೆಗೆ ಅಕ್ಕನ ಹತ್ರ ಸಾಲ ಕೇಳ್ತಿದ್ದೆ.

ಆಮೇಲೆ ಗೊತ್ತಾಯ್ತು: 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ, ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಹಣ ಕೊಡಲು ಲಿಖಿತ ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ. ಒಪ್ಪಂದ ಇಲ್ಲದಿದ್ದರೆ 15 ದಿನ ಅಷ್ಟೇ. ತಡವಾದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ 'ಉದ್ಯಮ್' ನೋಂದಣಿ ಇರಬೇಕು. ನಾನು ಮಾಡಿಸಿರಲಿಲ್ಲ. ಆಧಾರ್, ಪ್ಯಾನ್ ಇದ್ದರೆ ಆನ್‌ಲೈನ್‌ನಲ್ಲೇ ಆಗುತ್ತೆ, ಶುಲ್ಕ ಇಲ್ಲ. ಕೆಲಸ ಶುರುವಾಗೋಕೆ ಮುಂಚೆಯೇ ಮಾಡಿಸಿಕೊಳ್ಳಿ.

ಈಗ ನನ್ನ ಪ್ರತಿ ಬಿಲ್ಲಲ್ಲೂ ಉದ್ಯಮ್ ನಂಬರ್ ಇರುತ್ತೆ, ಕೊನೆಯ ದಿನಾಂಕವೂ ಇರುತ್ತೆ. ಅಡ್ವಾನ್ಸ್ ಬರದೆ ಲ್ಯಾಪ್‌ಟಾಪ್ ತೆಗೆಯಲ್ಲ. ಫೋನ್ ಮಾಡೋದು ನಿಂತಿಲ್ಲ. ಆದರೆ ಈಗ ಬೇಡಿಕೊಳ್ಳಲ್ಲ, ದಿನ ಲೆಕ್ಕ ಹಾಕಿ ಕೇಳ್ತೀನಿ.