ಹಳೆಯ ಲ್ಯಾಪ್‌ಟಾಪ್ ಕೊಳ್ಳಬಹುದೇ?

ಮಗನೋ ಮಗಳೋ ಕಾಲೇಜಿನ ಮೆಟ್ಟಿಲು ಹತ್ತಿದೊಡನೆ ಮನೆಯಲ್ಲಿ ಲ್ಯಾಪ್‌ಟಾಪಿನ ಬೇಡಿಕೆ ಏಳುವುದು ಇಂದು ಸಾಮಾನ್ಯ ಸಂಗತಿ. ಶುಲ್ಕ, ಪುಸ್ತಕ, ವಸತಿಗೃಹಗಳ ವೆಚ್ಚದ ಮೇಲೆ ಹೊಸ ಯಂತ್ರವೊಂದನ್ನು ಕೊಳ್ಳುವುದು ಎಲ್ಲ ಕುಟುಂಬಗಳಿಗೂ ಸಾಧ್ಯವಾಗದು. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಪೇಟೆಗಳಲ್ಲಿ, ಕಂಪನಿಗಳು ಕೆಲವು ವರ್ಷ ಬಳಸಿ ಬಿಟ್ಟ ಯಂತ್ರಗಳು ಕಡಿಮೆ ಬೆಲೆಗೆ ದೊರೆಯುತ್ತವೆ. ಅವುಗಳನ್ನು ಕೊಳ್ಳುವುದು ಜಾಣತನವೇ, ಅಥವಾ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ ಎಂಬುದನ್ನು ನಾವಿಲ್ಲಿ ವಿಚಾರ ಮಾಡೋಣ.

ಉದಾಹರಣೆಗೆ ಥಿಂಕ್‌ಪ್ಯಾಡ್ ಟಿ480 ಮಾದರಿಯನ್ನು ತೆಗೆದುಕೊಳ್ಳೋಣ. 1992ರಲ್ಲಿ ಐಬಿಎಂ ಆರಂಭಿಸಿ, 2005ರಲ್ಲಿ ಲೆನೊವೊ ಸಂಸ್ಥೆಯ ಕೈಸೇರಿದ ಮಾಲಿಕೆಯಲ್ಲಿ ಇದು 2018ರಲ್ಲಿ ಹೊರಬಂದಿತು. ಕಚೇರಿಯ ಬಳಕೆಗೆಂದೇ ರೂಪಿತವಾದ ಇದರ ತಳವನ್ನು ಬಿಚ್ಚಿದರೆ ರ‍್ಯಾಮ್ ಕೂರಿಸಲು 2 ಸ್ಥಾನಗಳಿವೆ. ಬ್ಯಾಟರಿಗಳೂ ಎರಡು, ಅವುಗಳಲ್ಲೊಂದನ್ನು ಹೊರಗಿನಿಂದಲೇ ಕಳಚಬಹುದು. ಬಿಡಿಭಾಗ ಬದಲಿಸಲು ಅನುಕೂಲವಿರುವ ಯಂತ್ರಕ್ಕೆ ಆಯುಸ್ಸು ಹೆಚ್ಚು. ರ‍್ಯಾಮನ್ನು ಬೆಸುಗೆ ಹಾಕಿ ಕೂರಿಸಿದ ತೆಳು ಯಂತ್ರಗಳಿಗೆ ಈ ಭಾಗ್ಯವಿಲ್ಲ.

ಆದರೆ ಯಂತ್ರ ಗಟ್ಟಿಯಾಗಿದ್ದರಷ್ಟೇ ಸಾಲದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ, ಇಂಟೆಲ್ ಯಂತ್ರವಾದರೆ, ಸಾಮಾನ್ಯವಾಗಿ 8ನೆಯ ಪೀಳಿಗೆಯ ಅಥವಾ ನಂತರದ ಪ್ರೊಸೆಸರ್ ಬೇಕು. ಟಿ480ರಲ್ಲಿಯೇ ಕೆಲವಕ್ಕೆ 7ನೆಯ ಪೀಳಿಗೆಯದನ್ನು ಅಳವಡಿಸಿದ್ದುಂಟು. ಆದುದರಿಂದ ಮಾದರಿಯ ಹೆಸರನ್ನಷ್ಟೇ ನಂಬದೆ ಪ್ರೊಸೆಸರಿನ ಸಂಖ್ಯೆಯನ್ನು ಓದಬೇಕು. 'ಐ5-8350ಯು' ಎಂದಿದ್ದರೆ ಅಡ್ಡಗೆರೆಯ ನಂತರದ 8 ಪೀಳಿಗೆಯನ್ನು ಸೂಚಿಸುತ್ತದೆ.

ಅದಕ್ಕೂ ಹಳೆಯ ಯಂತ್ರ ನಿರುಪಯುಕ್ತವೆಂದು ತಿಳಿಯಬೇಕಿಲ್ಲ. ಉಚಿತವಾಗಿ ದೊರೆಯುವ ಉಬುಂಟು, ಲಿನಕ್ಸ್ ಮಿಂಟ್‌ಗಳನ್ನು ಹಾಕಿಕೊಂಡರೆ ಓದು, ಬರಹ, ಅಂತರಜಾಲದ ಕೆಲಸಗಳು ಸುಗಮವಾಗಿ ನಡೆಯುತ್ತವೆ. ಯೂನಿಕೋಡ್ ಕನ್ನಡವನ್ನೂ ಬೆರಳಚ್ಚು ಮಾಡಬಹುದು. ಆದರೆ ಕಾಲೇಜು ಹೇಳುವ ತಂತ್ರಾಂಶ ವಿಂಡೋಸಿನಲ್ಲಿ ಮಾತ್ರ ನಡೆಯುವಂಥದ್ದೇ ಎಂಬುದನ್ನು ಮೊದಲೇ ವಿಚಾರಿಸಬೇಕು.

ಅಂಗಡಿಯಲ್ಲಿ ಗಮನಿಸಬೇಕಾದ ಅಂಶಗಳು:

1. ವಿಂಡೋಸಿನಲ್ಲಿ 'ಪವರ್‌ಸಿಎಫ್‌ಜಿ /ಬ್ಯಾಟರಿರಿಪೋರ್ಟ್' ಆದೇಶ ಕೊಟ್ಟರೆ ಬ್ಯಾಟರಿಯ ಮೂಲ ಸಾಮರ್ಥ್ಯವೂ ಈಗ ಉಳಿದಿರುವುದೂ ತಿಳಿಯುತ್ತವೆ. ಅರ್ಧಕ್ಕಿಂತ ಕಡಿಮೆಯಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿರಿ.

2. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಇರಲಿ. ನಿಧಾನದ ಯಂತ್ರಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ರ‍್ಯಾಮ್ 8 ಜಿಬಿಗೆ ಕಡಿಮೆ ಬೇಡ.

3. ಬಯೋಸ್‌ಗೆ ಹಳೆಯ ಕಂಪನಿಯ ಗುಪ್ತಪದ ಉಳಿದಿದ್ದರೆ ಕೊಳ್ಳಬೇಡಿರಿ. ಅದನ್ನು ತೆಗೆಸುವುದು ಬಹಳ ಕಷ್ಟ.

4. ಪರದೆ, ಕೀಲು, ಕೀಲಿಮಣೆ, ಚಾರ್ಜಿಂಗ್ ಕಿಂಡಿಗಳನ್ನು ಒಂದೊಂದಾಗಿ ಪರೀಕ್ಷಿಸಿರಿ.

5. ಕ್ರಮಸಂಖ್ಯೆ ನಮೂದಿಸಿದ ರಸೀದಿಯನ್ನೂ ಲಿಖಿತ ಖಾತರಿಯನ್ನೂ ತಪ್ಪದೆ ಪಡೆಯಿರಿ.

ರಿಪೇರಿಯೂ ಸೇರಿ ಒಟ್ಟು ವೆಚ್ಚ ಹೊಸ ಯಂತ್ರದ ಬೆಲೆಯ ಅರ್ಧವನ್ನು ಮೀರುವಂತಿದ್ದರೆ ಇನ್ನಷ್ಟು ಕೂಡಿಟ್ಟು ಹೊಸದನ್ನೇ ಕೊಳ್ಳುವುದು ಲೇಸು. ವಿಡಿಯೋ ಸಂಕಲನ, ಭಾರವಾದ ಎಂಜಿನಿಯರಿಂಗ್ ವಿನ್ಯಾಸಗಳಿಗೂ ಹಳೆಯದು ತಕ್ಕುದಲ್ಲ. ಟಿಪ್ಪಣಿ, ಲೆಕ್ಕಪತ್ರ, ಪಾಠಗಳಿಗಾದರೆ ಪರೀಕ್ಷಿಸಿ ಕೊಂಡ ಹಳೆಯ ಯಂತ್ರವು ವಿದ್ಯಾರ್ಥಿಯನ್ನು ಪದವಿಯ ದಡ ಮುಟ್ಟಿಸಬಲ್ಲದು. ಸಾಲ ಮಾಡಿ ತಂದ ಹೊಸದಕ್ಕಿಂತ ಅದು ಮನೆಗೆ ಹಿತವೆಂದೇ ನಮ್ಮ ಅಭಿಪ್ರಾಯ.