ಬಸ್ಸಿನಲ್ಲಿ ಮೂರು ತಾಲ್ಲೂಕು

ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳಗಳನ್ನು ಬೆನ್ನಿಗೊಂದು ಚೀಲ ಹಾಕಿಕೊಂಡು ಬಸ್ಸಿನಲ್ಲೇ ಅಗ್ಗವಾಗಿ ಸುತ್ತಬಹುದು. ಜೊತೆಗೊಬ್ಬ ಗೆಳೆಯನಿದ್ದರೆ ಕೋಣೆಯ ಬಾಡಿಗೆ ಅರ್ಧವಾಗುತ್ತದೆ.

ಮೂಡುಬಿದಿರೆ 18 ಬಸದಿಗಳ ಊರು. ಇಲ್ಲಿನ ಸಾವಿರ ಕಂಬದ ಬಸದಿ 1430ರದು. ಬೆಳ್ತಂಗಡಿಯ ದಾರಿಯಲ್ಲಿ ವೇಣೂರು ಸಿಗುತ್ತದೆ. ಅಲ್ಲಿ ಫಲ್ಗುಣಿಯ ದಂಡೆಯ ಮೇಲೆ, 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ 35 ಅಡಿಯ ಬಾಹುಬಲಿಯಿದೆ. ಬೆಳ್ತಂಗಡಿ ಸಮೀಪದ ಗಡಾಯಿಕಲ್ಲಿನ ನೆತ್ತಿಯಲ್ಲಿ ಟಿಪ್ಪು ಕಟ್ಟಿಸಿದ ಜಮಲಾಬಾದ್ ಕೋಟೆಯಿದೆ; ಬಂಡೆಯಲ್ಲಿ ಕಡಿದ ಮೆಟ್ಟಿಲುಗಳು ಮಳೆಗಾಲದಲ್ಲಿ ಜಾರುತ್ತವೆ. ಧರ್ಮಸ್ಥಳದ ಅನ್ನಪೂರ್ಣ ಛತ್ರದಲ್ಲಿ ಊಟ ಉಚಿತ. ಬಂಟ್ವಾಳ ತಾಲ್ಲೂಕಿನ ಕಾರಿಂಜದಲ್ಲಿ ಬೆಟ್ಟದ ಮೇಲೆ ಶಿವಾಲಯವಿದೆ.

ರಾಜ್ಯದ ಮಹಿಳೆಯರಿಗೆ 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತ. ಖಾಸಗಿ ಬಸ್ಸಿಗೆ ಟಿಕೆಟ್ ಕೊಳ್ಳಲೇಬೇಕು. ಬಂಟ್ವಾಳದ ಬಿ.ಸಿ. ರೋಡಿನಿಂದ ಮಂಗಳೂರು, ಬೆಂಗಳೂರು ಎರಡೂ ಕಡೆಗೆ ಬಸ್ಸುಗಳಿವೆ.