ರೂಟರ್‌ಗಳ ಸಮುದಾಯ ಮಾಹಿತಿಕೋಶ: ವರ್ತಕರಿಗೆ ಪ್ರಯೋಜನ, ವರ್ತಕರಿಂದ ಸಹಕಾರ

ಬಿಲ್ಲಿಂಗ್, ಯುಪಿಐ ಪಾವತಿ, ಜಿಎಸ್‌ಟಿ ವಿವರ ಸಲ್ಲಿಕೆ, ಸಿಸಿ ಕ್ಯಾಮೆರಾ ಇವೆಲ್ಲವೂ ಇಂದು ಅಂಗಡಿಯ ಮೂಲೆಯಲ್ಲಿರುವ ಪುಟ್ಟ ರೂಟರ್ ಒಂದನ್ನು ಅವಲಂಬಿಸಿವೆ. ಕುಂತೂರಿನ ಕಿರಾಣಿ ವ್ಯಾಪಾರಿಯಾಗಲಿ, ಕೊಳ್ಳೇಗಾಲದ ರೇಷ್ಮೆ ವರ್ತಕರಾಗಲಿ ಇದಕ್ಕೆ ಹೊರತಲ್ಲ. ರೂಟರ್‌ನೊಳಗೆ ಫರ್ಮ್‌ವೇರ್ ಎಂಬ ತಂತ್ರಾಂಶವಿರುತ್ತದೆ. ತಯಾರಕರು ಅದರ ಪರಿಷ್ಕರಣೆಯನ್ನು ನಿಲ್ಲಿಸಿದ ಬಳಿಕ ಹೊಸದಾಗಿ ಪತ್ತೆಯಾಗುವ ಭದ್ರತಾ ದೋಷಗಳಿಗೆ ಪರಿಹಾರ ದೊರೆಯುವುದಿಲ್ಲ. ಸಾಧನವು ಸುಸ್ಥಿತಿಯಲ್ಲಿದ್ದರೂ ವ್ಯವಹಾರಕ್ಕೆ ಅಪಾಯಕಾರಿಯಾಗುತ್ತದೆ. ಇಂತಹ ಸಾಧನಗಳ ಆಯುಷ್ಯವನ್ನು ಹೆಚ್ಚಿಸುವ ಮಾರ್ಗವೇ ಮುಕ್ತ ತಂತ್ರಾಂಶದ ಫರ್ಮ್‌ವೇರ್. ಅದಕ್ಕೆ ದಾರಿದೀಪವಾಗಿರುವುದು ಬಳಕೆದಾರರೇ ಬರೆದು ಬೆಳೆಸುತ್ತಿರುವ ವಿಕಿ ಮಾಹಿತಿಕೋಶ.

ಹಿನ್ನೆಲೆ

ಲಿಂಕ್‌ಸಿಸ್ ಸಂಸ್ಥೆಯು 2002ರಲ್ಲಿ ಡಬ್ಲ್ಯುಆರ್‌ಟಿ54ಜಿ ಎಂಬ ರೂಟರನ್ನು ಮಾರುಕಟ್ಟೆಗೆ ತಂದಿತು. ಅದರೊಳಗೆ ಲಿನಕ್ಸ್ ಬಳಕೆಯಾಗಿರುವುದು 2003ರಲ್ಲಿ ಬೆಳಕಿಗೆ ಬಂದಿತು. ಲಿನಕ್ಸ್‌ನ ಜಿಪಿಎಲ್ ಪರವಾನಗಿಯ ಪ್ರಕಾರ ಅದರ ಮೂಲ ಸಂಕೇತವನ್ನು ಗ್ರಾಹಕರಿಗೆ ಒದಗಿಸುವುದು ಕಡ್ಡಾಯವಾದುದರಿಂದ ಸಂಸ್ಥೆಯು ಅದನ್ನು ಪ್ರಕಟಿಸಿತು. ಆ ಸಂಕೇತದ ಆಧಾರದ ಮೇಲೆ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಯೋಜನೆ ಆರಂಭವಾಯಿತು. ಇಂದು ಅದು ಹಲವಾರು ತಯಾರಕರ ಸಾಧನಗಳಿಗೆ ಫರ್ಮ್‌ವೇರ್ ಒದಗಿಸುತ್ತಿದೆ. ಯಾವ ಸಾಧನಕ್ಕೆ ಬೆಂಬಲವಿದೆ, ಯಾವುದಕ್ಕಿಲ್ಲ ಎಂಬುದನ್ನು ಅದರ ವಿಕಿಯಲ್ಲಿರುವ ಯಂತ್ರಾಂಶ ಪಟ್ಟಿಯು ತಿಳಿಸುತ್ತದೆ.

ಹೆಸರು ಒಂದೇ, ಒಡಲು ಬೇರೆ

ಈ ಪಟ್ಟಿಯ ಮಹತ್ವವನ್ನು ಎರಡು ಉದಾಹರಣೆಗಳಿಂದ ಅರಿಯಬಹುದು. ಡಬ್ಲ್ಯುಆರ್‌ಟಿ54ಜಿ ರೂಟರ್‌ನ 4ನೇ ಆವೃತ್ತಿಯಲ್ಲಿ 4 ಮೆಗಾಬೈಟ್ ಫ್ಲ್ಯಾಶ್ ಮತ್ತು 16 ಮೆಗಾಬೈಟ್ ರ‍್ಯಾಮ್ ಇದ್ದವು. 2005ರಲ್ಲಿ ಬಂದ 5ನೇ ಆವೃತ್ತಿಯಲ್ಲಿ ಇವೆರಡೂ ಅರ್ಧಕ್ಕಿಳಿದವು. ಲಿನಕ್ಸ್‌ನ ಬದಲು ವಿಎಕ್ಸ್‌ವರ್ಕ್ಸ್ ಬಂದಿತು. ಹೊರಗಿನ ಹೆಸರು ಮಾತ್ರ ಅದೇ ಆಗಿತ್ತು. ಭಾರತದಲ್ಲಿ ಬಹಳವಾಗಿ ಮಾರಾಟವಾದ ಟಿಪಿ-ಲಿಂಕ್ ಟಿಎಲ್-ಡಬ್ಲ್ಯುಆರ್841ಎನ್ ರೂಟರ್‌ನ 13ನೇ ಆವೃತ್ತಿಯಲ್ಲಿ 8 ಮೆಗಾಬೈಟ್ ಫ್ಲ್ಯಾಶ್, 64 ಮೆಗಾಬೈಟ್ ರ‍್ಯಾಮ್ ಇದ್ದರೆ 14ನೇ ಆವೃತ್ತಿಯಲ್ಲಿ ಕೇವಲ 4 ಮತ್ತು 32 ಮೆಗಾಬೈಟ್ ಇವೆ. ಇಷ್ಟು ಕಡಿಮೆ ಸ್ಮೃತಿಯ ಸಾಧನಗಳು ಇಂದಿನ ಓಪನ್‌ಡಬ್ಲ್ಯುಆರ್‌ಟಿಗೆ ಸಾಲುವುದಿಲ್ಲ. ಹೊಸದಾಗಿ ಕೊಳ್ಳುವವರು ಕನಿಷ್ಠ 16 ಮೆಗಾಬೈಟ್ ಫ್ಲ್ಯಾಶ್ ಹಾಗೂ 128 ಮೆಗಾಬೈಟ್ ರ‍್ಯಾಮ್ ಇರುವ ಸಾಧನವನ್ನು ಆರಿಸಿಕೊಳ್ಳುವುದು ಕ್ಷೇಮ.

ಆದ್ದರಿಂದ ಸಗಟಾಗಿ ಖರೀದಿಸುವ ವರ್ತಕರು ಪೆಟ್ಟಿಗೆಯ ಮೇಲಿನ ಹೆಸರನ್ನಷ್ಟೇ ನಂಬದೆ, ಸಾಧನದ ತಳಭಾಗದ ಚೀಟಿಯಲ್ಲಿರುವ ಆವೃತ್ತಿ ಸಂಖ್ಯೆಯನ್ನು ಪಟ್ಟಿಯೊಡನೆ ಹೋಲಿಸಬೇಕು. ಬೇರೆ ಆವೃತ್ತಿಗೆ ಸೇರಿದ ಫರ್ಮ್‌ವೇರ್ ತುಂಬಿದಲ್ಲಿ ರೂಟರ್ ಚಾಲನೆಗೊಳ್ಳದೆ ನಿಷ್ಪ್ರಯೋಜಕವಾಗುವ ಸಂಭವವಿದೆ. ವಾರಂಟಿ ಷರತ್ತುಗಳನ್ನೂ ಮೊದಲೇ ಓದಿಕೊಳ್ಳುವುದು ಒಳಿತು.

ಪಟ್ಟಿಯನ್ನು ಉತ್ತಮಪಡಿಸುವ ಬಗೆ

ಇಂತಹ ಪಟ್ಟಿಯು ತಾನಾಗಿ ಬೆಳೆಯುವುದಿಲ್ಲ. ಹೊಸ ಆವೃತ್ತಿಯೊಂದು ಸದ್ದಿಲ್ಲದೆ ಮಾರುಕಟ್ಟೆಗೆ ಬಂದಾಗ ಅದನ್ನು ಮೊದಲು ಕಾಣುವವರು ಮಾರಾಟಗಾರರು ಮತ್ತು ದುರಸ್ತಿ ಮಾಡುವವರೇ. ವಿಕಿಯಲ್ಲಿ ಖಾತೆ ತೆರೆದು ಅವರು ಮಾಹಿತಿಯನ್ನು ಸೇರಿಸಬಹುದು. ಪ್ರತಿ ಸಾಧನಕ್ಕೂ ತಾಂತ್ರಿಕ ವಿವರಗಳ ನಮೂನೆಯೊಂದಿದ್ದು, ಅದರಲ್ಲಿ ತುಂಬಿದ ಅಂಶಗಳೇ ಮುಖ್ಯ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತವೆ. ನಮೂನೆಯ ಒಂದು ಅಂಕಿ ತಪ್ಪಾದರೆ ಪಟ್ಟಿಯನ್ನು ನಂಬಿ ಕೊಳ್ಳುವವರೆಲ್ಲರೂ ನಷ್ಟಕ್ಕೆ ಒಳಗಾಗುತ್ತಾರೆ. ಆದಕಾರಣ ಈ ಕೆಳಗಿನ ಅಂಶಗಳನ್ನು ಪಾಲಿಸಬೇಕು.

1. ಮಾದರಿಯ ಹೆಸರು ಮತ್ತು ಆವೃತ್ತಿ ಸಂಖ್ಯೆಯನ್ನು ಚೀಟಿಯಲ್ಲಿರುವಂತೆಯೇ ನಮೂದಿಸುವುದು.

2. ಪ್ರೊಸೆಸರ್, ಫ್ಲ್ಯಾಶ್, ರ‍್ಯಾಮ್‌ಗಳ ವಿವರವನ್ನು ಜಾಹೀರಾತಿನಿಂದಲ್ಲದೆ ಬೋರ್ಡಿನ ಚಿಪ್‌ಗಳಿಂದ ಅಥವಾ ಚಾಲನೆಯ ವೇಳೆ ಸಾಧನವೇ ನೀಡುವ ವರದಿಯಿಂದ ಪಡೆಯುವುದು.

3. ಬೋರ್ಡಿನ ಸ್ಪಷ್ಟ ಛಾಯಾಚಿತ್ರ ಸೇರಿಸುವುದು. ಸೀರಿಯಲ್ ಸಂಪರ್ಕದ ಸ್ಥಾನ ಹಾಗೂ ವೋಲ್ಟೇಜನ್ನು ಅಳೆದು ಬರೆಯುವುದು.

4. ಫರ್ಮ್‌ವೇರ್ ಕೆಟ್ಟಾಗ ಸಾಧನವನ್ನು ಮರಳಿ ಸರಿಪಡಿಸುವ ವಿಧಾನವನ್ನು ಹಂತಹಂತವಾಗಿ ವಿವರಿಸುವುದು.

5. ಸ್ವತಃ ಪರೀಕ್ಷಿಸದ ಸಂಗತಿಯನ್ನು ಬರೆಯದಿರುವುದು. ಯಶಸ್ಸಿನಷ್ಟೇ ವೈಫಲ್ಯವನ್ನೂ ದಾಖಲಿಸುವುದು.

ಇಂತಹ ಸಾಧನಕ್ಕೆ ಬೆಂಬಲವಿಲ್ಲ ಎಂಬ ಒಂದು ಸಾಲು ಸಹ ಯಾವುದೋ ಊರಿನ ಸಣ್ಣ ವ್ಯಾಪಾರಿಯ ಹಣವನ್ನು ಉಳಿಸಬಲ್ಲದು.

ಸಣ್ಣ ತಯಾರಕರು ಗಮನಿಸಬೇಕಾದುದು

ಸಂಪರ್ಕ ಸಾಧನಗಳನ್ನು ಜೋಡಿಸಿ ಮಾರುವ ಉದ್ದಿಮೆದಾರರು ಮುಕ್ತ ಫರ್ಮ್‌ವೇರನ್ನು ಪರವಾನಗಿ ಶುಲ್ಕವಿಲ್ಲದೆ ಬಳಸಬಹುದಾಗಿದೆ. ಆದರೆ ಶುಲ್ಕವಿಲ್ಲವೆಂದರೆ ಷರತ್ತಿಲ್ಲವೆಂದು ಅರ್ಥವಲ್ಲ. ಸಾಧನದೊಂದಿಗೆ ಜಿಪಿಎಲ್ ಮೂಲ ಸಂಕೇತವನ್ನು ಒದಗಿಸಬೇಕು. ಇಲ್ಲವೇ, ಅದರ 2ನೇ ಆವೃತ್ತಿಯ ಪ್ರಕಾರ, ಕೇಳಿದವರಿಗೆ ಕೊಡುವುದಾಗಿ ಕನಿಷ್ಠ 3 ವರ್ಷ ಜಾರಿಯಲ್ಲಿರುವ ಲಿಖಿತ ಭರವಸೆ ನೀಡಬೇಕು. ಈ ಬಗೆಯ ಪರವಾನಗಿಗಳ ಪಾಲನೆಯ ಕುರಿತು ಅಮೆರಿಕದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಸಂಸ್ಥೆಯು ಲಿಂಕ್‌ಸಿಸ್‌ನ ಅಂದಿನ ಒಡೆಯ ಸಿಸ್ಕೊ ವಿರುದ್ಧ 2008ರಲ್ಲಿ ಮೊಕದ್ದಮೆ ಹೂಡಿತ್ತು. 2009ರಲ್ಲಿ ಅದು ರಾಜಿಯಲ್ಲಿ ಮುಕ್ತಾಯಗೊಂಡಿತು. ಜೊತೆಗೆ ನಿಸ್ತಂತು ಸಾಧನಗಳಿಗೆ ಅನ್ವಯಿಸುವ ಭಾರತ ಸರ್ಕಾರದ ಅನುಮೋದನೆಯನ್ನು ಪಡೆಯಬೇಕು ಮತ್ತು ಪ್ರಸರಣ ಶಕ್ತಿಯನ್ನು ಇಲ್ಲಿನ ಮಿತಿಯೊಳಗೇ ಇರಿಸಬೇಕು.

2024ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಯೋಜನೆಯು ಬನಾನಾ ಪೈ ಮೂಲಕ ತಯಾರಿಸಿದ ಓಪನ್‌ಡಬ್ಲ್ಯುಆರ್‌ಟಿ ಒನ್ ಎಂಬ ತನ್ನದೇ ರೂಟರನ್ನು ಹೊರತಂದಿತು. ಅದರಲ್ಲಿ ಎರಡು ಪ್ರತ್ಯೇಕ ಫ್ಲ್ಯಾಶ್‌ಗಳಿದ್ದು, ಒಂದು ಕೆಟ್ಟರೂ ಇನ್ನೊಂದರಿಂದ ಸರಿಪಡಿಸಿಕೊಳ್ಳಬಹುದು. ದುರಸ್ತಿಗೆ ಅನುಕೂಲವಾದ ವಿನ್ಯಾಸ ಸಾಧ್ಯವೆಂಬುದಕ್ಕೆ ಇದು ನಿದರ್ಶನ.

ಬಿಡಿಭಾಗಕ್ಕಾಗಿ, ತಂತ್ರಜ್ಞರಿಗಾಗಿ ಪಟ್ಟಣದ ದಾರಿ ಕಾಯಬೇಕಾದ ಗ್ರಾಮೀಣ ವರ್ತಕರಿಗೆ ಇಂತಹ ಮಾಹಿತಿಕೋಶವು ಹೆಚ್ಚು ಅಗತ್ಯ. ಖರೀದಿಗೆ ಮುನ್ನ ಅದನ್ನು ನೋಡುವುದು ಹಾಗೂ ದುರಸ್ತಿಯ ನಂತರ ಅದಕ್ಕೆ ಒಂದು ಸಾಲು ಸೇರಿಸುವುದು, ಇವೆರಡೂ ರೂಢಿಗೆ ಬಂದಲ್ಲಿ ಪಟ್ಟಿಯೂ ನಂಬಿಕೆಗೆ ಅರ್ಹವಾಗಿ ಉಳಿಯುತ್ತದೆ, ವರ್ತಕರ ಬಂಡವಾಳವೂ ಸುರಕ್ಷಿತವಾಗಿರುತ್ತದೆ.